ಮಗಳಿಗೆ ನಾಲ್ಕು ತುಂಬುವ ದಿನ

ಸಂಕ್ರಾಂತಿ ಮುಗಿದ ವಾರದಲ್ಲಿ ಮಗಳಿಗೆ ನಾಲ್ಕು ತುಂಬುತ್ತದೆ. ದೀಪಾವಳಿ ಕಳೆದಾಗಿನಿಂದ ಹಳೆಯ ಲೆಕ್ಕದ ವಹಿಯೊಂದರ ಹಿಂಬದಿಯಲ್ಲಿ ಅದರ ಸಿದ್ಧತೆ ಬರೆಯುತ್ತಿದ್ದೇನೆ. ಭಾಲ್ಕಿಯಿಂದ ಕೇಕು, ಮನೆ ಮುಂದೆ ಶಾಮಿಯಾನಾ, ಬಲೂನಿನ ಕಮಾನು, ರಸ್ತೆಗೆ ಕಾಣುವ ಹಾಗೆ ಮಗಳ ಫೋಟೊದ ಫ್ಲೆಕ್ಸು, ಕ್ಯಾಮೆರಾದವನು, ಸಂಜೆಗೆ ಡಿಜೆ, ಓಣಿಗೆಲ್ಲ ಊಟ. ಮೊನ್ನೆ ಮಗಳು ಮಲಗಿದ ಮೇಲೆ ಇದನ್ನು ಮೊದಲಿನಿಂದ ಓದಿದೆ. ಪ್ರತಿ ಸಾಲಿನ ಹಿಂದೆ ಒಬ್ಬ ದೊಡ್ಡವರು ನಿಂತಿದ್ದರು. ಫ್ಲೆಕ್ಸು ಗಂಡನ ಗೆಳೆಯರಿಗೆ, ಕೇಕಿನ ತೂಕ ನಮ್ಮ ಸಂಘದ ಹೆಂಗಸರಿಗೆ, ಫೋಟೊಗಳು ಹೈದರಾಬಾದಿನಲ್ಲಿರುವ ನಾದಿನಿಗೆ, ಡಿಜೆ ಹೋದ ವರ್ಷ ಡಿಜೆ ತರಿಸಿದ್ದ ಎದುರು ಮನೆಯವರಿಗೆ. ಮೂರೂಮುಕ್ಕಾಲು ವರ್ಷದ ಕೂಸಿಗೆ ಇದರಲ್ಲಿ ಯಾವುದು ಬೇಕು ಎಂದು ಕೇಳಿಕೊಂಡರೆ ಬಲೂನು ಒಂದೇ ಉಳಿಯುತ್ತದೆ. ಅದೂ ಕಮಾನಿಗೆ ಕಟ್ಟಿದ್ದಲ್ಲ, ಕೈಗೆ ಕೊಟ್ಟದ್ದು.

ಆದರೆ ಇದನ್ನೆಲ್ಲ ಡೌಲು ಎಂದು ಒಂದೇ ಮಾತಿನಲ್ಲಿ ತಳ್ಳಲು ನನಗೆ ಮನಸ್ಸು ಬರುವುದಿಲ್ಲ. ಈ ಆಸೆಗೆ ಬೇರು ಎಲ್ಲಿದೆ ಎಂದು ಹುಡುಕುತ್ತ ಹೋದರೆ ಅದು ನಮ್ಮ ಮನೆಯ ದೊಡ್ಡವರ ಕಾಗದಪತ್ರಗಳಿಗೆ ಹೋಗಿ ಮುಟ್ಟುತ್ತದೆ.

ನನ್ನ ಅಪ್ಪನ ಜನ್ಮದಿನ ಶಾಲೆಯ ದಾಖಲೆಯ ಪ್ರಕಾರ ಜೂನ್ 1. ಅವ್ವನದೂ ಜೂನ್ 1. ಚಿಕ್ಕಪ್ಪನದೂ ಅದೇ. ಈ ಸೀಮೆಯಲ್ಲಿ ಯಾವ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆಗೆದರೂ ಹೀಗೇ ಇರುತ್ತದೆ. ಶಾಲೆ ಜೂನ್‌ನಲ್ಲಿ ಶುರು; ಹೆಸರು ಹಚ್ಚಲು ಕರೆತಂದ ಮಗುವಿನ ತಲೆಯ ಮೇಲಿಂದ ಕೈ ದಾಟಿಸಿ ಕಿವಿ ಮುಟ್ಟುತ್ತದೋ ಇಲ್ಲವೋ ನೋಡಿ, ವಯಸ್ಸು ಹೊಂದುವಂತೆ ಮಾಸ್ತರರು ಒಂದು ತಾರೀಖು ಬರೆದುಬಿಡುತ್ತಿದ್ದರು. ಶಾಲೆಯ ಮೆಟ್ಟಿಲನ್ನೇ ಹತ್ತದ ನನ್ನ ಅತ್ತೆಗೆ ಆಧಾರ್ ಕಾರ್ಡು ಜನವರಿ 1 ಕೊಟ್ಟಿತು. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಅಂದಾಜು ವಯಸ್ಸಿನಿಂದ ಇಸವಿ ಹಾಕಿ, ವರ್ಷದ ಮೊದಲ ದಿನವನ್ನೇ ನಮೂದಿಸಿದ್ದರು.

ಅತ್ತೆಯ ತವರು ನಿಲಂಗಾ ಕಡೆ. 1956ರ ನವೆಂಬರ್ 1ಕ್ಕೆ ಮೊದಲು ಅದೂ ಬೀದರ ಜಿಲ್ಲೆಯೇ. ರಾಜ್ಯಗಳು ವಿಂಗಡಣೆಯಾದಾಗ ನಿಲಂಗಾ, ಉದಗೀರ, ಅಹಮದಪುರ ಅತ್ತ ಮರಾಠಿ ಕಡೆ ಹೋದವು, ಭಾಲ್ಕಿ ಇತ್ತ ಉಳಿಯಿತು. ಅತ್ತೆಯ ಲೆಕ್ಕದಲ್ಲಿ ತಾರೀಖುಗಳಿಲ್ಲ, ಘಟನೆಗಳಿವೆ. ಆಕೆಯ ಅಣ್ಣ ರಜಾಕಾರರ ಗದ್ದಲದಲ್ಲಿ ಹುಟ್ಟಿದವನು, ಅಂದರೆ 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದು ಭಾರತಕ್ಕೆ ಸೇರುವ ಮೊದಲು. ತಂಗಿ 1972ರ ಬರಗಾಲದವಳು. ನನ್ನ ಗಂಡನ ಬಗ್ಗೆ ಕೇಳಿದರೆ, "ನೆಲ ನಡುಗಿದ ವರ್ಷ ಇವ ತೊಟ್ಟಿಲದಾಗ ಇದ್ದ, ಹೋಳಿ ಆಗಿ ನಾಕ್ ದಿನಕ್ಕ ಹುಟ್ಟಿದವ" ಅನ್ನುತ್ತಾಳೆ. ಆ ನೆಲ ನಡುಗಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಕಿಲ್ಲಾರಿ ಸುತ್ತಿನ ಹಳ್ಳಿಗಳಲ್ಲಿ ಕಲ್ಲು ಮಣ್ಣಿನ ಗೋಡೆಗಳು ಕುಸಿದು ಸುಮಾರು ಹತ್ತು ಸಾವಿರ ಜನ ಸತ್ತರು. ಅತ್ತೆ ಕತ್ತಲೆಯಲ್ಲಿ ತೊಟ್ಟಿಲಿನಿಂದ ಮಗನನ್ನು ಎತ್ತಿಕೊಂಡು ಬಯಲಿಗೆ ಓಡಿದ್ದಳು. ಆಮೇಲೆ ಎಷ್ಟೋ ರಾತ್ರಿ ಮನೆಯೊಳಗೆ ಮಲಗಲು ಯಾರಿಗೂ ಧೈರ್ಯ ಆಗಲಿಲ್ಲವಂತೆ. ಗಂಡನ ಶಾಲೆಯ ದಾಖಲೆ ಮಾತ್ರ ಆತ ಅದರ ಹಿಂದಿನ ವರ್ಷದ ಜೂನ್ 1ಕ್ಕೆ ಹುಟ್ಟಿದ ಎಂದು ಹೇಳುತ್ತದೆ.

ಇಂಥ ಮನೆಯಲ್ಲಿ ನಿಜವಾದ ತಾರೀಖಿನ ಸಮೇತ ಜನನ ಬರೆಸಿಕೊಂಡ ಮೊದಲನೆಯವಳು ನನ್ನ ಮಗಳು. 1969ರ ಕಾಯ್ದೆ ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು ಅನ್ನುತ್ತದೆ. ಆಕೆ ಹುಟ್ಟಿದ್ದು ಆಸ್ಪತ್ರೆಯಲ್ಲಿ, ಆದ್ದರಿಂದ ಆಯಿತು. ಆ ಪ್ರಮಾಣಪತ್ರ ಕೈಗೆ ಬಂದ ದಿನ ನನಗೆ ಅಳು ಬಂದಿತ್ತು. ಈಕೆ ಹುಟ್ಟಿದ್ದನ್ನು ಯಾರೋ ಗಮನಿಸಿದ್ದಾರೆ ಅನ್ನಿಸಿತ್ತು. ಹುಟ್ಟುಹಬ್ಬವನ್ನು ದೊಡ್ಡದಾಗಿ ಮಾಡಬೇಕೆಂಬ ನನ್ನ ಹಟದಲ್ಲಿ ಈ ಅಳುವೂ ಇದೆ. ಅಪ್ಪನಿಗೆ, ಅವ್ವನಿಗೆ, ಅತ್ತೆಗೆ ಯಾರೂ ಮಾಡದಿದ್ದುದನ್ನೆಲ್ಲ ಒಟ್ಟುಗೂಡಿಸಿ ಒಂದು ಕೂಸಿನ ತಲೆಯ ಮೇಲೆ ಹೊರಿಸುತ್ತಿದ್ದೇನೆ. ಅದನ್ನು ಹೊರುವ ವಯಸ್ಸು ಆಕೆಗಿಲ್ಲ.

ಇನ್ನೊಂದು ಬೇರೂ ಇದೆ, ಅದು ಅಷ್ಟು ಚಂದವಿಲ್ಲ. ಎರಡು ಮೂರು ವರ್ಷದಿಂದ ಮಂದಿಯ ಮಕ್ಕಳ ಹುಟ್ಟುಹಬ್ಬಕ್ಕೆ ನಾನು ಮುಯ್ಯಿ ಮಾಡುತ್ತ ಬಂದಿದ್ದೇನೆ. ಅಂಗಿ, ಗೊಂಬೆ, ಲಕೋಟೆಯಲ್ಲಿ ದುಡ್ಡು. ಎಲ್ಲವನ್ನೂ ಅದೇ ವಹಿಯಲ್ಲಿ ಬರೆದಿಟ್ಟಿದ್ದೇನೆ. ಯಾರ ಮನೆಗೆ ಎಷ್ಟು ಹೋಯಿತು ಅನ್ನುವುದು ನನಗೆ ಬಾಯಿಪಾಠ. ಕೊಟ್ಟದ್ದು ತಿರುಗಿ ಬರಬೇಕಾದರೆ ನಾನೂ ಕರೆಯಲೇಬೇಕು. ನಾಲ್ಕು ಬಾರಿ ಕರೆಸಿಕೊಂಡು ಒಮ್ಮೆಯೂ ಕರೆಯದವಳು ಎಂಬ ಮಾತು ಬಾರದಿರಲಿ ಎಂದು ಸಂಘದಿಂದ ಸಾಲ ಎತ್ತುವ ಯೋಚನೆಯೂ ಬಂದು ಹೋಯಿತು. ವಾರ ವಾರ ಕಂತು ಕಟ್ಟುವ ಕಷ್ಟ ಗೊತ್ತಿದ್ದೂ ಬಂತು. ಮರ್ಯಾದೆಗೆ ಅಂಜಿ ಸಾಲ ಮಾಡುವವರ ಬಗ್ಗೆ ಈ ತನಕ ಎಷ್ಟು ಸಲೀಸಾಗಿ ಮಾತಾಡಿದ್ದೇನೆ ಎಂದು ಆಗ ಅರಿವಿಗೆ ಬಂತು. ಅವರ ಎದೆಯಲ್ಲಿ ಏನಿರುತ್ತದೆ ಎಂಬುದು ಈಗ ತಿಳಿಯುತ್ತಿದೆ.

ಮಗುವಿಗೆ ಏನು ಬೇಕು ಎಂಬುದಕ್ಕೆ ಉತ್ತರ ಅತ್ತೆಯ ಹತ್ತಿರ ಮೊದಲಿನಿಂದಲೂ ಇತ್ತು. ಹುಟ್ಟಿದ ದಿನ ಗೊತ್ತಿಲ್ಲದಿದ್ದರೂ ಈ ಗಡಿಸೀಮೆಯ ಜನ ಚಿಕ್ಕ ಮಕ್ಕಳಿಗೆ ವರ್ಷಕ್ಕೊಂದು ಹಬ್ಬ ಮಾಡುತ್ತಿದ್ದರು. ಮರಾಠಿ ಮನೆಗಳಲ್ಲಿ ಅದು ಬೋರನ್ಹಾಣ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಯಾವ ದಿನವಾದರೂ ಸರಿ, ಐದರೊಳಗಿನ ಮಗುವಿಗೆ ಕರಿ ಬಣ್ಣದ ಅಂಗಿ ತೊಡಿಸಿ, ಸಕ್ಕರೆ ಕುಸುರಿಯ ಸರ, ಬಳೆ, ಕಿರೀಟ ಹಾಕಿ, ಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಾರೆ. ಆಮೇಲೆ ತಲೆಯ ಮೇಲಿಂದ ಬಾರಿಹಣ್ಣು, ಚುರುಮುರಿ, ಕಬ್ಬಿನ ತುಣುಕು, ಹಸಿ ಕಡಲೆ, ಬತ್ತಾಸು ಸುರಿಯುತ್ತಾರೆ. ಸುರಿದದ್ದೇ ತಡ, ಸುತ್ತ ಕೂತ ಓಣಿಯ ಮಕ್ಕಳೆಲ್ಲ ಮುಗಿಬಿದ್ದು ಆರಿಸಿಕೊಳ್ಳಬೇಕು. ಅಲ್ಲಿ ದೊಡ್ಡವರಿಗೆ ಸುರಿಯುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಮಕ್ಕಳನ್ನು ಸಾಲಾಗಿ ಕೂರಿಸಿ, ಚಪ್ಪಾಳೆ ಹೊಡೆಯಲು ಹೇಳಿ, ಕ್ಯಾಮೆರಾ ನೋಡಿ ನಗಲು ಹೇಳುವ ನಮ್ಮ ಕೇಕಿನ ಕಾರ್ಯಕ್ರಮಕ್ಕೂ ಇದಕ್ಕೂ ಎಷ್ಟು ಅಂತರ! ಬೇಕಾದ ಸಾಮಾನೆಲ್ಲ ಆ ಹೊತ್ತಿಗೆ ಹೊಲದಲ್ಲಿ, ಬೇಲಿಯಲ್ಲಿ ಇರುವಂಥದ್ದೇ. ಪ್ಯಾಟಿಯಿಂದ ತರಬೇಕಾದದ್ದು ಚುರುಮುರಿ, ಬತ್ತಾಸು.

ಮಗಳ ಹುಟ್ಟುಹಬ್ಬವೂ ಆ ದಿನಗಳಲ್ಲೇ ಬರುವುದರಿಂದ ಎರಡನ್ನೂ ಕೂಡಿಸುವುದೆಂದು ಬರೆದೆ. ಅವಳಿಗೆ ಅಂಗನವಾಡಿಯಲ್ಲಿ ನೋಡಿ ನೋಡಿ ಕೇಕಿನ ಆಸೆ ಇದೆ, ಅದನ್ನು ಯಾಕೆ ಕಸಿಯಬೇಕು? ಅರ್ಧ ಕಿಲೋದ್ದು ಸಾಕು. ಹಾಡೂ ಇರಲಿ. ಮಂದಿ ಅದನ್ನು ಇಂಗ್ಲಿಷರ ಹಾಡು ಎಂದು ಹೀಗಳೆಯುವುದುಂಟು. ಅದರ ರಾಗ ಹುಟ್ಟಿದ್ದು ಅಮೆರಿಕದಲ್ಲಿ. ಲೂಯಿವಿಲ್ ಎಂಬ ಊರಿನ ಮಿಲ್ಡ್ರೆಡ್ ಹಿಲ್ ಮತ್ತು ಪ್ಯಾಟಿ ಹಿಲ್ ಎಂಬ ಅಕ್ಕತಂಗಿಯರು ಬಾಲವಾಡಿಯ ಮಕ್ಕಳಿಗೆ ಬೆಳಗಿನ ವಂದನೆ ಹೇಳಲು ಮಾಡಿಕೊಂಡ ಹಾಡಿನ ರಾಗ ಅದು, 1893ರಲ್ಲಿ ಅಚ್ಚಾಯಿತು. ಮಕ್ಕಳ ಗಂಟಲಿಗೆ ಸಲೀಸಾಗಿ ಬರಲೆಂದು ಕಟ್ಟಿದ್ದು, ಆದ್ದರಿಂದಲೇ ನಮ್ಮೂರು ಸಾಯಗಾಂವದ ಕೂಸಿಗೂ ಒಂದೇ ಸಲಕ್ಕೆ ಬರುತ್ತದೆ. ಅದರ ಬೆನ್ನಿಗೇ ಅತ್ತೆ ಮರಾಠಿಯಲ್ಲಿ ಆರತಿ ಹಾಡುತ್ತಾಳೆ, ನಾನು ಕನ್ನಡದಲ್ಲಿ ಜೋಗುಳ ಹಾಡುತ್ತೇನೆ. ನಮ್ಮ ಮನೆಯಲ್ಲಿ ಮೂರು ಭಾಷೆ ಒಂದೇ ಉಸಿರಿನಲ್ಲಿ ಬರುವುದು ದಿನದ ಮಾತು.

ಕೆಲವು ಸಂಗತಿಗಳಲ್ಲಿ ಮಾತ್ರ ಬಿಗಿಯಾಗಿರಬೇಕೆಂದು ಅಡಿಗೆರೆ ಎಳೆದಿದ್ದೇನೆ. ಬಾರಿಹಣ್ಣಿನ ಬೀಜ, ಇಡೀ ಶೇಂಗಾ, ದುಂಡನೆಯ ಚಾಕಲೇಟು, ಒಡೆದ ಬಲೂನಿನ ತುಂಡು, ಇವು ನಾಲ್ಕೈದು ವರ್ಷದೊಳಗಿನ ಮಕ್ಕಳ ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಸಣ್ಣ ಮಕ್ಕಳ ತಲೆಯ ಮೇಲೆ ಚುರುಮುರಿ, ಬತ್ತಾಸು ಮಾತ್ರ ಸುರಿಯುವುದು. ಬಾರಿಹಣ್ಣು ದೊಡ್ಡ ಮಕ್ಕಳ ಕೈಗೆ. ನೊರೆ ಹಾರಿಸುವ ಸ್ಪ್ರೇ ಡಬ್ಬಿ ಬೇಡವೇ ಬೇಡ, ಅದಕ್ಕೆ ಮೇಣದ ಬತ್ತಿಯ ಬೆಂಕಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಜಾತ್ರೆಯಲ್ಲಿ ಮಾರುವ, ಮೇಲಕ್ಕೆ ತೇಲುವ ಗಾಳಿಬಲೂನಿನಲ್ಲಿ ಹೈಡ್ರೋಜನ್ ತುಂಬಿರುವುದುಂಟು, ಅದೂ ದೀಪದ ಹತ್ತಿರ ಬರಬಾರದು. ಹೊತ್ತು ಸಂಜೆ ಬೇಡ. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮೇಲೆ, ಬಿಸಿಲು ಇರುವಾಗಲೇ ಶುರು ಮಾಡಿ ಎರಡು ತಾಸಿನಲ್ಲಿ ಮುಗಿಸುವುದು. ರಾತ್ರಿ ಒಂಬತ್ತಕ್ಕೆ ಕೇಕು ಕೊಯ್ದ ಮನೆಗಳಲ್ಲಿ ಹುಟ್ಟುಹಬ್ಬದ ಮಗುವೇ ಎಲ್ಲರಿಗಿಂತ ಜೋರಾಗಿ ಅಳುವುದನ್ನು ಕಂಡಿದ್ದೇನೆ. ತಿನ್ನಲಿಕ್ಕೆ ಸುಸಲಾ, ಶೇಂಗಾ ಹೋಳಿಗೆ, ಬಾಳೆಹಣ್ಣು.

ಇಲ್ಲಿಯವರೆಗೂ ವಹಿ ಸಲೀಸಾಗಿ ತುಂಬಿತು. ತಡೆದದ್ದು ಮಕ್ಕಳ ಹೆಸರಿನ ಹತ್ತಿರ.

"ಯಾರ್‍ಯಾರಿಗಿ ಕರೀಬೇಕು ಹೇಳು" ಎಂದು ಮಗಳನ್ನೇ ಕೇಳಿದೆ. ಬೆರಳು ಮಡಚುತ್ತ ಮೊದಲು ಹೇಳಿದ ಹೆಸರು ಊರ ಕೊನೆಯ ಕೇರಿಯ ಹುಡುಗಿಯದು. ಅಂಗನವಾಡಿಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ, ಒಬ್ಬಳ ಮೊಟ್ಟೆಯ ಹಳದಿ ಇನ್ನೊಬ್ಬಳು ತಿನ್ನುತ್ತಾಳೆ. ನನ್ನ ವಹಿಯಲ್ಲಿ ಅಷ್ಟು ಹೊತ್ತಿಗೆ ಮಕ್ಕಳ ಹೆಸರುಗಳ ಸಾಲು ಪುಟದ ಅರ್ಧಕ್ಕೆ ಬಂದಿತ್ತು, ಆ ಹೆಸರು ಅದರಲ್ಲಿರಲಿಲ್ಲ. ಬೇಡವೆಂದು ಬಿಟ್ಟದ್ದಲ್ಲ. ಬರೆಯುವಾಗ ಆ ಕೇರಿ ನೆನಪಿಗೇ ಬರಲಿಲ್ಲ. ಬೇಡವೆಂದು ನಿರ್ಧರಿಸಿ ಬಿಟ್ಟಿದ್ದರೆ ನನ್ನೊಳಗೆ ಒಂದು ವಾದವಾದರೂ ನಡೆದಿರುತ್ತಿತ್ತು. ನೆನಪಿಗೆ ಬಾರದಷ್ಟು ದೂರ ಆ ಕೇರಿಯನ್ನು ಇಟ್ಟವರಾರು? ಬಸವಕಲ್ಯಾಣ ನಮ್ಮದೇ ಜಿಲ್ಲೆಯಲ್ಲಿದೆ. ಅಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿ ಮೀರಿ ಮದುವೆಯಾದ ಕಥೆಯನ್ನು ಬಸವ ಜಯಂತಿಯಲ್ಲಿ ಪ್ರತಿ ವರ್ಷ ಕೇಳಿ ಕಣ್ಣು ಒರೆಸಿಕೊಳ್ಳುವವಳು ನಾನು.

ಆ ಹುಡುಗಿಯ ತಾಯಿ ನನಗೆ ಅಪರಿಚಿತಳಲ್ಲ. ಸೋಯಾ ಕೊಯ್ಲಿಗೆ, ತೊಗರಿ ರಾಶಿಗೆ ನಮ್ಮ ಹೊಲಕ್ಕೆ ಬರುತ್ತಾಳೆ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆಕೆ ನನ್ನ ಹತ್ತಿರ "ರೀ" ಹಚ್ಚಿ ಮಾತಾಡುತ್ತಾಳೆ, ನಾನು ಆಕೆಗೆ "ನೀ" ಅನ್ನುತ್ತೇನೆ. ಮನೆಗೆ ಬಂದಾಗ ಚಹಾ ಕೊಡುತ್ತೇನೆ, ಕಾಗದದ ಕಪ್ಪಿನಲ್ಲಿ. ಮೊದಲು ಅತ್ತೆ ಬೇರೆ ಲೋಟ ಇಡುತ್ತಿದ್ದಳು. ಅದು ಸರಿಯಲ್ಲ ಎಂದು ತೆಗೆಸಿದವಳು ನಾನೇ, ಆ ಜಾಗಕ್ಕೆ ಕಾಗದದ ಕಪ್ಪು ತಂದವಳೂ ನಾನೇ. ತೊಳೆಯುವುದು ತಪ್ಪುತ್ತದೆ ಎಂದು ನನಗೆ ನಾನೇ ಕಾರಣ ಹೇಳಿಕೊಂಡಿದ್ದೆ. ಎದುರು ಮನೆಯ ವೈನಿ ಬಂದಾಗ ಸ್ಟೀಲಿನ ಲೋಟ ತೊಳೆಯಲು ನನಗೆ ಎಂದೂ ಬೇಸರ ಆಗಿಲ್ಲ.

ಮಗಳ ಮಾತಿನಂತೆ ಆ ಹೆಸರನ್ನು ಪುಟದ ಮೊದಲಿಗೆ ಬರೆದೆ. ಬರೆದ ಮೇಲೆ ಅಂಜಿಕೆಗಳು ಒಂದೊಂದಾಗಿ ಬಂದವು. ಎದುರು ಮನೆಯವರು ಮಕ್ಕಳನ್ನು ಕಳಿಸದಿದ್ದರೆ? ಸುರಿದ ಚುರುಮುರಿಯನ್ನು ಆ ಹುಡುಗಿ ಆರಿಸಲು ಬಂದಾಗ ಯಾರಾದರೂ ತಮ್ಮ ಮಗುವಿನ ಕೈ ಹಿಡಿದು ಎಳೆದರೆ? ಕೂಸಿಗೆ ಅದು ಅರ್ಥವಾಗುವುದಿಲ್ಲ ಎಂದು ದೊಡ್ಡವರು ಅಂದುಕೊಳ್ಳುತ್ತೇವೆ, ಆದರೆ ಅರ್ಥವಾಗುವ ವಯಸ್ಸೇ ಅದು. ಅದಕ್ಕೇ ಎಲ್ಲರ ಮನೆಗೂ ನಾನೇ ಹೋಗಿ, ಯಾರು ಯಾರು ಬರುತ್ತಾರೆ ಎಂದು ಮೊದಲೇ ಹೇಳಿ ಕರೆಯುವುದು. ಬರುವುದಿಲ್ಲ ಎನ್ನುವವರು ಆ ದಿನ ಮಕ್ಕಳ ಎದುರು ಎದ್ದು ಹೋಗುವುದಕ್ಕಿಂತ ಈಗಲೇ ಹೇಳಲಿ. ಆ ತಾಯಿಗೆ ಕೆಲಸಕ್ಕೆ ಬಂದಾಗ ಹೇಳಿ ಕಳಿಸಿದರೆ ಅದು ಕರೆದಂತಾಗುವುದಿಲ್ಲ. ಕುಂಕುಮದ ಬಟ್ಟಲು ಹಿಡಿದು ಆಕೆಯ ಮನೆಗೇ ಹೋಗಬೇಕು. "ಬರ್ರಿ" ಅನ್ನಬೇಕು.

ಅತ್ತೆಗೆ ಇದನ್ನೆಲ್ಲ ಹೇಳಿದೆ. ಬಹಳ ಹೊತ್ತು ತೊಗರಿ ಕೇರುತ್ತ ಕೂತಿದ್ದಳು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ.

"ಕರೀತಿ, ಅವರು ಬರ್ತಾರ. ನಾಳಿ ಅವರೂ ಕರೀತಾರ. ಆಗ ನೀ ಅವರ ಮನಿಯಾಗ ಕುಂತು ಉಣ್ತಿ ಏನು?" ಅಂದಳು.

ತಡೆಯಲು ಹೇಳಿದ ಮಾತೋ, ನಿಜವಾಗಿ ಕೇಳಿದ ಪ್ರಶ್ನೆಯೋ ತಿಳಿಯಲಿಲ್ಲ. ಆದರೆ ನನ್ನ ವಹಿಯಲ್ಲಿ ಯಾರೂ ಕೇಳದೆ ಉಳಿದಿದ್ದ ಪ್ರಶ್ನೆ ಅದೇ ಆಗಿತ್ತು. ಕರೆಯುವುದು ನನಗೆ ಸುಲಭ, ನನ್ನ ಅಂಗಳ, ನನ್ನ ಮಣೆ. ಹೋಗುವುದರಲ್ಲಿ ನನ್ನದೇನೂ ಇಲ್ಲ. "ಉಣ್ತೀನಿ" ಅಂದೆ, ಸ್ವಲ್ಪ ತಡವಾಗಿ. ಆ ತಡವನ್ನು ಅತ್ತೆಯೂ ಗಮನಿಸಿದಳು.

ಆ ಹುಡುಗಿ ಯಾವಾಗ ಹುಟ್ಟಿದ್ದು ಎಂದು ಮರುದಿನ ಅಂಗನವಾಡಿಯ ಬಾಗಿಲಲ್ಲಿ ಆಕೆಯ ತಾಯಿಯನ್ನೇ ಕೇಳಿದೆ. ಆಕೆಯ ಹತ್ತಿರವೂ ಪ್ರಮಾಣಪತ್ರ ಇದೆ, ತಾರೀಖು ಬಾಯಲ್ಲೇ ಇತ್ತು. ಮಾರ್ಚ್ ಎರಡನೆಯ ವಾರ. ಯಾಕೆ ಕೇಳುತ್ತೀರಿ ಎಂಬಂತೆ ನನ್ನ ಮುಖ ನೋಡಿದಳು. ರವಿವಾರ ಮನೆಗೆ ಬರುತ್ತೇನೆ, ಆಗ ಹೇಳುತ್ತೇನೆ ಎಂದೆ. ಮನೆಗೆ ಬಂದು ಮುಯ್ಯಿಯ ಪುಟದಲ್ಲಿ ಆ ತಾರೀಖು ಬರೆದು, ಮುಂದೆ ದುಡ್ಡಿನ ಜಾಗದಲ್ಲಿ ಏನೂ ಹಾಕದೆ, "ಕರೆದರೆ ಇಡೀ ಮನೆಯವರು ಊಟಕ್ಕೆ" ಎಂದು ಬರೆದಿದ್ದೇನೆ. ಗಂಡನಿಗೆ ಇನ್ನೂ ಹೇಳಿಲ್ಲ, ಈ ರಾತ್ರಿ ಹೇಳಬೇಕು.