ಸಿಂಗಳೀಕದ ಕಾಡೂ ಭಾವನ ಉಪ್ಪಾಗೆಯೂ

ಪುಣೆಯಲ್ಲಿ ನೆಲೆಸಿದ ನಮ್ಮಂಥ ಶಿರಸಿ-ಸಿದ್ದಾಪುರ ಕಡೆಯವರಿಗೆ ಊರಿನಿಂದ ಬರುವ ಸುದ್ದಿಯಲ್ಲಿ ಅಡಿಕೆಯ ಧಾರಣೆ ಮೊದಲು, ಮಂಗನ ಕಾಟ ಆಮೇಲೆ. ಮದುವೆ-ಮುಂಜಿಗಳ ವಾರ್ತೆ ಏನಿದ್ದರೂ ಕೊನೆಗೆ. ಆದ್ದರಿಂದ ಮಂಗಗಳ ಪರವಾಗಿ ನಾಲ್ಕು ಮಾತು ಬರೆಯಲು ನಮಗೆ ತುಸು ಅಳುಕೇ. ಆದರೆ ನಾವು ಹೇಳಹೊರಟಿರುವುದು ತೋಟಕ್ಕೆ ನುಗ್ಗುವ ಕೋಡಗದ ಮಾತಲ್ಲ, ಸಿಂಗಳೀಕದ ಮಾತು.

ಕರಿಯ ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಗೆ ಸಿಂಹದ ಬಾಲಕ್ಕಿರುವಂಥ ಕುಚ್ಚು. ಕರ್ನಾಟಕ, ಕೇರಳ, ತಮಿಳುನಾಡುಗಳ ಸಹ್ಯಾದ್ರಿಯನ್ನು ಬಿಟ್ಟರೆ ಪ್ರಪಂಚದ ಇನ್ನಾವ ಕಾಡಿನಲ್ಲೂ ಇದಿಲ್ಲ. ಎಲ್ಲ ಸೇರಿದರೂ ಕೆಲವೇ ಸಾವಿರ. ಹೆಣ್ಣು ಎರಡು-ಮೂರು ವರ್ಷಕ್ಕೊಮ್ಮೆ ಒಂದು ಮರಿ ಹಾಕೀತು, ಅಷ್ಟೆ. ಬಾಲವಿಲ್ಲದ ಕಪಿಯೆಂದರೆ ನಮ್ಮ ದೇಶದಲ್ಲಿ ಈಶಾನ್ಯದ ಗಿಬ್ಬನ್ ಮಾತ್ರ. ಅದರ ಪಾಡೂ ಇದೇ. ಅಸ್ಸಾಮಿನ ಜೋರಹಾಟದ ಬಳಿ ಅದಕ್ಕೆಂದು ಸುಮಾರು 21 ಚದರ ಕಿಲೋಮೀಟರಿನ ಅಭಯಾರಣ್ಯವಿದೆ. ಅದರ ನಡುವೆಯೇ ರೈಲುಹಳಿ ಹಾದಿದೆ!

ಮರದ ಮೇಲೇ ಬಾಳುವ ಪ್ರಾಣಿಗೆ ಕೊಂಬೆಗೆ ಕೊಂಬೆ ತಾಗಿರಬೇಕು. ಭೀಮಾಶಂಕರಕ್ಕೆ ಹೋಗಿ ಶೇಕರುವನ್ನು, ಎಂದರೆ ನಮ್ಮ ಕೆಂದಳಿಲನ್ನು, ಕತ್ತೆತ್ತಿ ನೋಡಿಬಂದ ಪುಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ನಾಲ್ಕು ಮರ ಹೋದರೆ ಸಿಂಗಳೀಕ ನೆಲಕ್ಕಿಳಿಯಬೇಕು. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವೆ ಸಿಕ್ಕಿಬಿದ್ದ ಗುಂಪುಗಳು ಹೀಗೆ ರಸ್ತೆಗಿಳಿದು ವಾಹನಗಳಿಗೆ ಸಿಕ್ಕಿ ಸತ್ತದ್ದುಂಟು. ಈಗ ಅಲ್ಲಿ ರಸ್ತೆಯ ಮೇಲೆ ಹಗ್ಗದ ಸೇತುವೆ ಕಟ್ಟಿದ್ದಾರೆ.

ನಮ್ಮ ಅಘನಾಶಿನಿಯ ಕಣಿವೆ ಇವುಗಳ ಉತ್ತರದ ಕೊನೆಯ ನೆಲೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್, ಎಚ್. ಎನ್. ಕುಮಾರ ಮೊದಲಾದವರು ಶಿರಸಿ-ಹೊನ್ನಾವರದ ಕಾಡುಗಳಲ್ಲಿ ಅಲೆದು ಮೂವತ್ತಕ್ಕೂ ಮಿಕ್ಕಿ ಗುಂಪುಗಳನ್ನು ಗುರುತಿಸಿದರು. ಅದರ ಫಲವಾಗಿ 2011ರಲ್ಲಿ ಇದು ಸಂರಕ್ಷಿತ ಪ್ರದೇಶವಾಯಿತು. 2019ರಲ್ಲಿ ಶರಾವತಿ ಅಭಯಾರಣ್ಯದೊಡನೆ ಕೂಡಿ ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವಾಯಿತು.

ನಾವು ಪುಣೆಯಲ್ಲಿ ಇದನ್ನೋದಿ ಹಿಗ್ಗಿದೆವು. ಊರಲ್ಲಿ ಯಾರೂ ಹಿಗ್ಗಲಿಲ್ಲ. “ನೀವು ಅಲ್ಲಿ ಕೂತು ಸಂತೋಷಪಡಿ. ನಾಳೆ ಸೊಪ್ಪಿಗೆ, ದರಕಿಗೆ ಬೆಟ್ಟಕ್ಕೆ ಹೋಗಬೇಡಿ ಎಂದರೆ ತೋಟ ನೋಡಿಕೊಳ್ಳುವವರು ನಾವು ತಾನೆ?” ಎಂದರು ಭಾವ. ಮಾತು ಸುಳ್ಳಲ್ಲ. ಗೊಬ್ಬರಕ್ಕೆ ಸೊಪ್ಪಿಲ್ಲದೆ ಅಡಿಕೆ ತೋಟವಿಲ್ಲ. ಉಪ್ಪಾಗೆಯ ಕತೆಯೂ ಹೀಗೇ. ಮೊದಲೆಲ್ಲ ಮನೆಯ ಹುಳಿಗೆ, ಬೀಜದ ತುಪ್ಪಕ್ಕೆ ಆಗುವಷ್ಟು ಆರಿಸಿ ತರುತ್ತಿದ್ದರು. ಪರದೇಶದವರಿಗೆ ಬೊಜ್ಜು ಕರಗಿಸುವ ಗುಳಿಗೆಗೆ ಅದರ ಸಿಪ್ಪೆ ಬೇಕಾದದ್ದೇ ತಡ, ಕಾಡಿನ ಮರವೆಲ್ಲ ಬೋಳು. ಒಣಗಿಸಲು ಸೌದೆ ಬೇರೆ. ಸಿಂಗಳೀಕದ ಮಳೆಗಾಲದ ತುತ್ತನ್ನು ಯಾರದೋ ಸೊಂಟದ ಸುತ್ತಳತೆ ತಿಂದುಹಾಕಿತು ಎನ್ನಬೇಕು.

ಆದರೆ ಭಾವನ ಕತ್ತಿಗಿಂತ ದೊಡ್ಡ ಕತ್ತಿ ಬೇರೆಯೇ ಇದೆ. ತಲಕಳಲೆ-ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು, ವಿದ್ಯುತ್ತು ಮಿಕ್ಕಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು 2000 ಮೆಗಾವಾಟ್ ಪಡೆಯುವ ಯೋಜನೆ. 2025ರಲ್ಲಿ ಇದರ ವಿರುದ್ಧ ಹೊನ್ನಾವರ, ಸಾಗರದ ಜನ ದನಿಯೆತ್ತಿದರು. ಸೊಪ್ಪು ಕಡಿದರೆ ಮರ ಮತ್ತೆ ಚಿಗುರುತ್ತದೆ. ರಸ್ತೆ, ಸುರಂಗಗಳಿಗೆ ಕಡಿದದ್ದು ಚಿಗುರುವುದಿಲ್ಲ.

ಪುಣೆಯವರಿಗೆ ಇದರ ಗೊಡವೆ ಏಕೆ ಎನ್ನುವವರು ಒಮ್ಮೆ ಮುಳಶಿಯನ್ನು ನೆನೆಯಲಿ. 1921ರಲ್ಲಿ ಅಲ್ಲಿಯ ರೈತರು ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ಹೂಡಿದರು. ಮುಂಬಯಿಗೆ ವಿದ್ಯುತ್ತು ಬಂತು, ಹೊಲ-ಮನೆ ಮುಳುಗಿದವು. ನಾವು ಭಾನುವಾರ ಬುತ್ತಿ ಕಟ್ಟಿಕೊಂಡು ಆ ಕೆರೆಯ ದಂಡೆಗೆ ಹೋಗುತ್ತೇವೆ. ಈಗಂತೂ ದೇಶದ ವಿದ್ಯುಜ್ಜಾಲವೇ ಒಂದು. ಯಾವ ಕಣಿವೆಯ ನೀರು ಯಾರ ಮನೆಯ ದೀಪವೋ ಹೇಳಬಲ್ಲವರಾರು?

ಸೈಲೆಂಟ್ ವ್ಯಾಲಿಯ ಅಣೆಕಟ್ಟು 1983ರಲ್ಲಿ ನಿಂತದ್ದು ದೂರದೂರದ ಜನವೂ ಸೊಲ್ಲೆತ್ತಿದ್ದರಿಂದ. ನಮ್ಮ ಸೊಲ್ಲು ಅಷ್ಟು ದೊಡ್ಡದಲ್ಲ. ಸದ್ಯಕ್ಕೆ ನಮ್ಮ ಪಾಲಿನ ಬೆಟ್ಟದಲ್ಲಿ ಬರುವ ಮಳೆಗಾಲಕ್ಕೆ ಉಪ್ಪಾಗೆ ಕೊಯ್ಯಬೇಡಿರೆಂದು ಭಾವನಿಗೆ ಫೋನಿನಲ್ಲಿ ಹೇಳಿದೆವು. “ನಷ್ಟ ಯಾರು ತುಂಬುತ್ತಾರೆ?” ಎಂದರು. ಅರ್ಧ ನಮ್ಮದು ಎಂದೆವು. ಲೆಕ್ಕ ಹಾಕಿ ತಿಳಿಸುತ್ತಾರಂತೆ.