ಹಡ್ಸನ್ ದಡದ ಓಟಗಾರರು ಚೆಂಡು ಎಸೆದಾರೆಯೇ?

ನ್ಯೂಯಾರ್ಕ್ ನಗರದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಿಂದ ಉತ್ತರಕ್ಕೆ ಹೊರಡುವ ರೈಲು ಹಡ್ಸನ್ ನದಿಯ ಪೂರ್ವ ದಡವನ್ನೇ ಹಿಡಿದು ಸಾಗುತ್ತದೆ. ಎಡಗಡೆಯ ಕಿಟಕಿ ಸಿಕ್ಕವರು ಪುಣ್ಯವಂತರು. ಸುಮಾರು 80 ಕಿಲೋಮೀಟರ್ ಕಳೆದ ಮೇಲೆ ಗ್ಯಾರಿಸನ್ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಅಲ್ಲಿಂದ ನದಿಯಾಚೆ ಕಣ್ಣು ಹಾಯಿಸಿದರೆ, ಬೆಟ್ಟದ ಬಂಡೆಯಿಂದಲೇ ಬೆಳೆದು ಬಂದಂತೆ ಕಾಣುವ ಬೂದುಬಣ್ಣದ ಕಲ್ಲಿನ ಕಟ್ಟಡಗಳು. ಅದೇ ವೆಸ್ಟ್ ಪಾಯಿಂಟ್, ಅಮೆರಿಕದ ಸೇನಾಧಿಕಾರಿಗಳನ್ನು ತಯಾರು ಮಾಡುವ ಮಿಲಿಟರಿ ಅಕಾಡೆಮಿ. ಅಕ್ಟೋಬರಿನಲ್ಲಿ ಸುತ್ತಲ ಬೆಟ್ಟಗಳ ಮೇಪಲ್, ಓಕ್ ಮರಗಳು ಕೆಂಪು ಹಳದಿಗೆ ತಿರುಗಿದಾಗ ಈ ನೋಟಕ್ಕೆಂದೇ ಜನ ಬರುತ್ತಾರೆ. ಇನ್ನು ಕೆಲವರು ಬರುವುದು ಶನಿವಾರದ ಫುಟ್‌ಬಾಲ್ ನೋಡಲಿಕ್ಕೆ.

ಹಡ್ಸನ್ ಇಲ್ಲಿ ಮಾಮೂಲಿ ನದಿಯಲ್ಲ. ಸಮುದ್ರದ ಉಬ್ಬರವಿಳಿತ ವೆಸ್ಟ್ ಪಾಯಿಂಟನ್ನೂ ದಾಟಿ, ಟ್ರಾಯ್ ಎಂಬ ಊರಿನವರೆಗೆ ತಲುಪುತ್ತದೆ. ದಿನಕ್ಕೆ ಎರಡು ಸಲ ನೀರು ಮೇಲಕ್ಕೆ ಹರಿಯುತ್ತದೆ, ಎರಡು ಸಲ ಕೆಳಕ್ಕೆ. ಎರಡೂ ಕಡೆ ಹರಿಯುವ ನೀರು ಎಂಬ ಅರ್ಥದ ಹೆಸರನ್ನು ಇಲ್ಲಿಯ ಮೂಲನಿವಾಸಿಗಳು ಅದಕ್ಕೆ ಕೊಟ್ಟಿದ್ದರು. ಇಲ್ಲಿ ನದಿ ಇದ್ದಕ್ಕಿದ್ದಂತೆ ಎರಡು ಸಲ ಹೊರಳುತ್ತದೆ. ಆ ತಿರುವಿನಲ್ಲಿ ಹಾಯಿ ಹಡಗುಗಳು ವೇಗ ಕಳೆದುಕೊಳ್ಳುತ್ತಿದ್ದವು. ಇದನ್ನು ಕಂಡುಕೊಂಡ ಅಮೆರಿಕನ್ನರು ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1778ರಲ್ಲಿ, ನದಿಗೆ ಅಡ್ಡಲಾಗಿ ಕಬ್ಬಿಣದ ಸರಪಣಿಯನ್ನೇ ಕಟ್ಟಿದರು. ಒಂದೊಂದು ಕೊಂಡಿಯ ತೂಕ ಸುಮಾರು 50 ಕಿಲೋ. ಅದು ಮುಳುಗದಿರಲೆಂದು ಕೆಳಗೆ ಮರದ ದಿಮ್ಮಿಗಳ ತೆಪ್ಪ. ಬ್ರಿಟಿಷ್ ಹಡಗುಗಳು ಆ ಸರಪಣಿಯ ತಂಟೆಗೆ ಬರಲೇ ಇಲ್ಲ. ಅದರ ಕೆಲವು ಕೊಂಡಿಗಳನ್ನು ಟ್ರೋಫಿ ಪಾಯಿಂಟ್ ಎಂಬ ಜಾಗದಲ್ಲಿ ಇಂದಿಗೂ ಇಟ್ಟಿದ್ದಾರೆ. ಪ್ರವಾಸಿಗಳ ಮಕ್ಕಳು ಮೊದಲು ಓಡುವುದು ಅಲ್ಲಿಗೇ.

ಅಕಾಡೆಮಿ ಆರಂಭವಾದದ್ದು 1802ರಲ್ಲಿ. ಅಮೆರಿಕದಲ್ಲಿ ಎಂಜಿನಿಯರಿಂಗ್ ಕಲಿಸಿದ ಮೊದಲ ಕಾಲೇಜು ಇದೇ. ಈಗಲೂ ಯಾವ ವಿಷಯ ಆರಿಸಿಕೊಂಡ ಕೆಡೆಟ್ ಆದರೂ ಗಣಿತ ಮತ್ತು ವಿಜ್ಞಾನದಿಂದ ತಪ್ಪಿಸಿಕೊಳ್ಳುವಂತಿಲ್ಲ. ಸುಮಾರು 4,400 ಕೆಡೆಟ್‌ಗಳು. ಯಾರೂ ಶುಲ್ಕ ಕಟ್ಟುವುದಿಲ್ಲ. ಅದಕ್ಕೆ ಬದಲಾಗಿ ಪದವಿ ಮುಗಿದ ಮೇಲೆ ಕನಿಷ್ಠ 5 ವರ್ಷ ಸೇನೆಯಲ್ಲಿ ದುಡಿಯಬೇಕು. ಫುಟ್‌ಬಾಲ್ ಆಡುವ ಹುಡುಗರಿಗೂ ಇದೇ ನಿಯಮ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಿನಾಟವಲ್ಲ. ಎರಡೂ ತುದಿ ಚೂಪಾದ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟ. ಒಂದು ಕಡೆಗೆ 11 ಮಂದಿ, 100 ಗಜದ ಮೈದಾನ. ಚೆಂಡು ಹೊಂದಿದ ತಂಡಕ್ಕೆ 4 ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ 4 ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಗೆ. ಮುಂದೆ ಹೋಗಲು ಎರಡೇ ದಾರಿ. ಒಂದು, ಚೆಂಡನ್ನು ಎದೆಗವಚಿಕೊಂಡು ಓಡುವುದು. ಇನ್ನೊಂದು, ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಅದನ್ನು ಮುಂದೆ ಓಡುತ್ತಿರುವ ಜೊತೆಗಾರನಿಗೆ ಎಸೆಯುವುದು. ಇದೇ ಪಾಸ್. ಇಂದು ಅಮೆರಿಕದ ಹೆಚ್ಚಿನ ತಂಡಗಳು ಎಸೆತವನ್ನೇ ನೆಚ್ಚಿವೆ. ವೆಸ್ಟ್ ಪಾಯಿಂಟಿನ ಆರ್ಮಿ ತಂಡ ಓಟವನ್ನು ನೆಚ್ಚಿದೆ. ಇವರು ಎಂದಾದರೂ ಕೈಬಿಚ್ಚಿ ಎಸೆದಾರೆಯೇ ಎಂಬ ಪ್ರಶ್ನೆಗೆ ಪ್ರತಿ ವರ್ಷ ಋತು ಆರಂಭವಾಗುವ ಮೊದಲೇ ಜೀವ ಬರುತ್ತದೆ.

ಪಾಸ್ ಎಂಬುದರ ಶಕ್ತಿಯನ್ನು ದೇಶ ಕಣ್ಣಾರೆ ಕಂಡದ್ದು ಇದೇ ವೆಸ್ಟ್ ಪಾಯಿಂಟಿನ ನೆಲದಲ್ಲಿ ಎಂಬುದು ವಿಚಿತ್ರ. 1905ರಲ್ಲಿ ಒಂದೇ ಋತುವಿನಲ್ಲಿ ಸುಮಾರು 18 ಹುಡುಗರು ಈ ಆಟದಲ್ಲಿ ಸತ್ತರು. ಎಲ್ಲರೂ ಒಂದೇ ರಾಶಿಯಾಗಿ ನುಗ್ಗುತ್ತಿದ್ದ ಕಾಲ ಅದು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೂಡ ಮಧ್ಯೆ ಬರಬೇಕಾಯಿತು. ಗುಂಪು ಚದುರಲಿ ಎಂದು 1906ರಲ್ಲಿ ಮುಂದಕ್ಕೆ ಎಸೆಯಲು ಅನುಮತಿ ಕೊಟ್ಟರು. ಆದರೂ ದೊಡ್ಡ ತಂಡಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1913ರ ನವೆಂಬರ್ 1ರಂದು ಇಂಡಿಯಾನಾದಿಂದ ರೈಲಿನಲ್ಲಿ ಬಂದ ನಾಟರ್ ಡೇಮ್ ಎಂಬ, ಆಗ ಅಷ್ಟೇನೂ ಹೆಸರಿಲ್ಲದ ಕಾಲೇಜಿನ ಹುಡುಗರು ಇಲ್ಲಿ ಆರ್ಮಿಯ ಎದುರು ನಿಂತರು. ಗಸ್ ಡೊರೇ ಎಸೆದ, ನೂಟ್ ರಾಕ್ನಿ ಹಿಡಿದ. ಡೊರೇಯ 17 ಎಸೆತಗಳಲ್ಲಿ 14 ಗುರಿ ಮುಟ್ಟಿದವು. ಪಂದ್ಯ ಮುಗಿದಾಗ ನಾಟರ್ ಡೇಮ್ 35, ಆರ್ಮಿ 13. ಮಾರನೆಯ ದಿನದ ಪತ್ರಿಕೆಗಳು ಹೊಸ ಯುಗ ಬಂತೆಂದು ಬರೆದವು. ಪಾಠ ಕಲಿಸಿಕೊಂಡ ಶಾಲೆಯೇ ಇಂದು ಎಲ್ಲರಿಗಿಂತ ಕಡಿಮೆ ಎಸೆಯುವವರ ಸಾಲಿನಲ್ಲಿದೆ!

ಎಸೆತದ ವಿಜ್ಞಾನವೂ ಚೆಂದ. ಚೆಂಡು ಬೆರಳುಗಳಿಂದ ಜಾರುವಾಗ ತನ್ನ ಉದ್ದದ ಅಕ್ಷದ ಸುತ್ತ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಬುಗುರಿ ತಿರುಗುತ್ತಿರುವಷ್ಟು ಹೊತ್ತು ಬೀಳದೆ ನಿಲ್ಲುವ ಹಾಗೆ, ಈ ತಿರುಗುವಿಕೆಯೇ ಚೆಂಡಿನ ಮೂಗನ್ನು ನೇರವಾಗಿ ಹಿಡಿದಿಡುತ್ತದೆ. ತಿರುಗದ ಚೆಂಡು ಗಾಳಿಯಲ್ಲಿ ಉರುಳಾಡುತ್ತದೆ, ಅಡ್ಡಬಿದ್ದಾಗ ಗಾಳಿಯ ತಡೆ ಹೆಚ್ಚಿ ಹತ್ತಿರದಲ್ಲೇ ಬೀಳುತ್ತದೆ. ಹೀಗೆ 40 ಗಜದಾಚೆ ಓಡುತ್ತಿರುವವನ ಕೈಗೇ ಬೀಳುವಂತೆ, ಎದುರಾಳಿಗಳು ಮೈಮೇಲೆ ಬರುವ ಎರಡು ಮೂರು ಸೆಕೆಂಡಿನೊಳಗೆ ಎಸೆಯಬಲ್ಲ ತೋಳುಗಳು ಅಪರೂಪ. ಅಂಥ ತೋಳಿರುವ ಹುಡುಗನ ಮನೆಗೆ ಹತ್ತಾರು ವಿಶ್ವವಿದ್ಯಾಲಯಗಳ ಕೋಚ್‌ಗಳು ಎಡತಾಕುತ್ತಾರೆ. ಅವನ ಕಣ್ಣು ವೃತ್ತಿಪರ ಲೀಗಿನ ಮೇಲೆ, ಅಲ್ಲಿಯ ಕೋಟಿಗಳ ಮೇಲೆ. ಬೆಳಗಿನ ಕವಾಯತು, ಪಾಲಿಶ್ ಮಾಡಿದ ಬೂಟು, ಕ್ಯಾಲ್ಕುಲಸ್ ಪರೀಕ್ಷೆ, ಆಮೇಲೆ 5 ವರ್ಷದ ಸೇವೆ ಎಂದರೆ ಅವನು ಯಾಕೆ ಬಂದಾನು?

ಇಲ್ಲಿಗೆ ಬರುವವರು ಬೇರೆ ಬಗೆಯ ಹುಡುಗರು. ದೊಡ್ಡ ಕಾಲೇಜುಗಳ ಕಣ್ಣಿಗೆ ಒಂದೆರಡು ಅಂಗುಲ ಗಿಡ್ಡ, ಹತ್ತಿಪ್ಪತ್ತು ಕಿಲೋ ಹಗುರ. ಬೇರೆಡೆ ಮುಂಚೂಣಿಯಲ್ಲಿ ನಿಲ್ಲುವ ಆಟಗಾರರು 145 ಕಿಲೋ ತೂಗುವುದೂ ಉಂಟು. ಇಲ್ಲಿಯವರು ಮುಂದೆ ಸೈನಿಕರ ಜೊತೆ ಚೀಲ ಹೊತ್ತು ನಡೆಯಬೇಕಾದವರು; ಪದವಿಯ ಹೊತ್ತಿಗೆ ಸೇನೆಯ ತೂಕದ ನಿಯಮಕ್ಕೆ ಇಳಿಯಲೇಬೇಕು. ಎದುರಾಳಿಯ ದೈತ್ಯನನ್ನು ಮೂರು ಸೆಕೆಂಡು ತಳ್ಳಿ ಹಿಡಿಯುವುದು ಇಂಥ ಹುಡುಗನಿಗೆ ಕಷ್ಟ. ಅವನ ಕಾಲ ಬಳಿ ತಗ್ಗಿ, ಮೊದಲ ಹೆಜ್ಜೆಯಲ್ಲೇ ಡಿಕ್ಕಿ ಹೊಡೆದು ದಾರಿ ಬಿಡಿಸುವುದು ಸಾಧ್ಯ.

ಅದಕ್ಕೆ ತಕ್ಕ ಉಪಾಯವೇ ಆಪ್ಷನ್ ಎಂಬ ಆಟ. ಇದರ ಲೆಕ್ಕ ಸರಳ. ಸಾಮಾನ್ಯ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಇನ್ನೊಬ್ಬನ ಕೈಗಿತ್ತು ಸುಮ್ಮನಾಗುತ್ತಾನೆ. ಅಲ್ಲಿಗೆ 11 ಎದುರಾಳಿಗಳ ಮುಂದೆ 10 ಮಂದಿ. ಆಪ್ಷನ್‌ನಲ್ಲಿ ಒಬ್ಬ ಎದುರಾಳಿಯನ್ನು ಯಾರೂ ಮುಟ್ಟದೆ ಬೇಕೆಂದೇ ಬಿಟ್ಟಿರುತ್ತಾರೆ. ಕ್ವಾರ್ಟರ್‌ಬ್ಯಾಕ್ ಅವನ ಹೆಗಲನ್ನು ನೋಡುತ್ತಾನೆ. ಅವನು ಒಳಗೆ ನುಗ್ಗಿದರೆ ತಾನೇ ಚೆಂಡು ಹಿಡಿದು ಹೊರಗೆ ಓಟ. ಹೊರಗೆ ನಿಂತರೆ ಒಳಗಿನವನ ಕೈಗೆ ಚೆಂಡು. ಆ ಎದುರಾಳಿ ಏನು ಮಾಡಿದರೂ ತಪ್ಪೇ! ಮುಟ್ಟದೆಯೇ ಒಬ್ಬನನ್ನು ಆಟದಿಂದ ಕಳೆದ ಹಾಗಾಯಿತು. ಜೊತೆಗೆ ಮೂರು ಮೂರು ಗಜವಾಗಿ ತೆವಳುತ್ತ ಹೋದರೆ ಗಡಿಯಾರವೂ ಕರಗುತ್ತದೆ. 2018ರಲ್ಲಿ ಒಕ್ಲಹೋಮದಂಥ ಬಲಾಢ್ಯ ತಂಡದೆದುರು 60 ನಿಮಿಷದ ಆಟದಲ್ಲಿ ಸುಮಾರು 45 ನಿಮಿಷ ಚೆಂಡು ಆರ್ಮಿಯ ಬಳಿಯೇ ಇತ್ತು. ಹೆಚ್ಚುವರಿ ಆಟದಲ್ಲಿ 28-21ರಿಂದ ಸೋತರೂ ಎದುರಾಳಿಯ ಅಭಿಮಾನಿಗಳ ಬೆವರಿಳಿದಿತ್ತು.

ಹಾಗೆಂದು ವೆಸ್ಟ್ ಪಾಯಿಂಟ್ ಎಸೆತವನ್ನು ಪ್ರಯತ್ನಿಸಲೇ ಇಲ್ಲವೆಂದಲ್ಲ. 1944ರಿಂದ ಮೂರು ವರ್ಷ ದೇಶಕ್ಕೇ ಮೊದಲಾಗಿದ್ದ ತಂಡವನ್ನು ಕಟ್ಟಿದ ರೆಡ್ ಬ್ಲೇಕ್, 1958ರಲ್ಲಿ ಬಿಲ್ ಕಾರ್ಪೆಂಟರ್ ಎಂಬವನನ್ನು ಮೈದಾನದ ಅಂಚಿನಲ್ಲಿ ಒಂಟಿಯಾಗಿ ನಿಲ್ಲಿಸಿದರು. ಉಳಿದವರು ಗುಂಪುಗೂಡಿ ಗುಟ್ಟು ಮಾತಾಡುವಾಗಲೂ ಅವನು ಅತ್ತ ಸುಳಿಯುತ್ತಿರಲಿಲ್ಲ. ಮುಂದಿನ ಆಟ ಯಾವುದೆಂದು ಅವನಿಗೆ ಹೇಗೆ ಗೊತ್ತಾಗುತ್ತದೆ ಎಂದು ಇಡೀ ದೇಶ ತಲೆ ಕೆರೆದುಕೊಂಡಿತು. ಕ್ವಾರ್ಟರ್‌ಬ್ಯಾಕ್ ತನ್ನ ಪಾದಗಳನ್ನು ಇಡುವ ರೀತಿಯಲ್ಲೇ ಸಂಕೇತವಿತ್ತು ಎಂಬುದು ಆಮೇಲೆ ತಿಳಿದದ್ದು. ಆ ವರ್ಷ ಆರ್ಮಿ ಒಂದೂ ಪಂದ್ಯ ಸೋಲಲಿಲ್ಲ. ಎಸೆತ ಚೆನ್ನಾಗಿ ಕೂಡಿಬಂದದ್ದು ಆಗಲೇ.

ಆಮೇಲಿನ ಪ್ರಯೋಗಗಳ ಕಥೆ ಬೇರೆ. 1984ರಲ್ಲಿ ಜಿಮ್ ಯಂಗ್ ಆಪ್ಷನ್ ಆಟ ತಂದಾಗ, ಹಿಂದಿನ ವರ್ಷ 2 ಪಂದ್ಯ ಮಾತ್ರ ಗೆದ್ದಿದ್ದ ತಂಡ 8 ಗೆದ್ದು, ತನ್ನ ಇತಿಹಾಸದಲ್ಲೇ ಮೊದಲ ಸಲ ಋತುವಿನ ಕೊನೆಯ ಬೌಲ್ ಪಂದ್ಯಕ್ಕೆ ಹೋಯಿತು. 2000ದಲ್ಲಿ ಕಾಲಕ್ಕೆ ತಕ್ಕಂತೆ ಆಡೋಣವೆಂದು ಎಸೆತಕ್ಕೆ ತಿರುಗಿದರು. 2003ರಲ್ಲಿ ಆಡಿದ 13 ಪಂದ್ಯಗಳನ್ನೂ ಸೋತರು. ನೌಕಾಪಡೆಯ ಅಕಾಡೆಮಿಯೆದುರು 2002ರಿಂದ 2015ರವರೆಗೆ ಸತತ 14 ಸೋಲು. ನಾಲ್ಕು ವರ್ಷ ಓದಿ, ಒಮ್ಮೆಯೂ ನೇವಿಯನ್ನು ಸೋಲಿಸಿದ್ದನ್ನು ಕಾಣದೆ ಹೊರಬಿದ್ದ ತಂಡಗಳು ಎಷ್ಟೋ. ಅವರಲ್ಲಿ ಅನೇಕರು ನೇರವಾಗಿ ಇರಾಕ್, ಅಫ್ಘಾನಿಸ್ತಾನಗಳ ಯುದ್ಧಕ್ಕೆ ಹೋದರು. ಆ ವರ್ಷಗಳಲ್ಲಿ ಇಲ್ಲಿ ಮಕ್ಕಳನ್ನು ಬಿಟ್ಟುಹೋದ ತಾಯ್ತಂದೆಯರಿಗೆ ಅಂಕಪಟ್ಟಿಯ ಚಿಂತೆ ದೊಡ್ಡದಾಗಿರಲಾರದು.

2014ರಲ್ಲಿ ಬಂದ ಕೋಚ್ ಜೆಫ್ ಮಂಕೆನ್ ಓಟವನ್ನೇ ನೆಚ್ಚಿದರು. 2016ರಲ್ಲಿ ನೇವಿಯ ಸರಣಿ ಮುರಿಯಿತು. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಪೆಟ್ಟು ಬಿತ್ತು. ಮೊಣಕಾಲು ಮುರಿಯುವುದನ್ನು ತಪ್ಪಿಸಲು 2022ರಲ್ಲಿ ನಿಯಮ ಬದಲಾಯಿತು. ಸೊಂಟದ ಕೆಳಗೆ ಡಿಕ್ಕಿ ಹೊಡೆಯುವುದು ಮಧ್ಯದ ಸಣ್ಣ ಚೌಕದೊಳಗೆ ಮಾತ್ರ ಎಂದಾಯಿತು. ನಿಯಮ ನ್ಯಾಯವಾದದ್ದೇ. ಆದರೆ ಗಿಡ್ಡ ಹುಡುಗರ ಮುಖ್ಯ ಆಯುಧವೇ ಕೈತಪ್ಪಿತು. 2023ರಲ್ಲಿ ಮಂಕೆನ್ ಹಳೆಯ ಪದ್ಧತಿ ಬಿಟ್ಟು, ಕ್ವಾರ್ಟರ್‌ಬ್ಯಾಕನ್ನು ಹಿಂದೆ ನಿಲ್ಲಿಸಿ ಆಟವನ್ನು ತೆರೆದರು. ಸತತ 5 ಸೋಲು. ಲೂಯಿಸಿಯಾನಾ ಸ್ಟೇಟ್ ಎದುರು 62-0! ಕೂಡಲೇ ಹಳೆಯ ಓಟದತ್ತ ವಾಲಿದರು. ಅಲ್ಲಿಯವರೆಗೆ ಸೋಲರಿಯದ ಏರ್‌ಫೋರ್ಸ್ ತಂಡವನ್ನು 23-3ರಿಂದ ಬಡಿದರು, ನೇವಿಯನ್ನೂ ಗೆದ್ದರು.

2024ರಲ್ಲಿ ಹಿಂಜರಿಕೆ ಇರಲಿಲ್ಲ. ಬ್ರೈಸನ್ ಡೇಲಿ ಎಂಬ ಗಟ್ಟಿಮೈಯ ಕ್ವಾರ್ಟರ್‌ಬ್ಯಾಕ್ ಎಸೆದದ್ದಕ್ಕಿಂತ ಹೆಚ್ಚು ಸಲ ತಾನೇ ನುಗ್ಗಿದ. 1,600 ಗಜಕ್ಕೂ ಮಿಕ್ಕಿ ಓಡಿ 32 ಟಚ್‌ಡೌನ್ ಗಳಿಸಿದ. ತಂಡ 12 ಪಂದ್ಯ ಗೆದ್ದಿತು. ಡಿಸೆಂಬರ್ 6ರ ಚಳಿಯ ರಾತ್ರಿ ಟುಲೇನ್ ತಂಡವನ್ನು 35-14ರಿಂದ ಸೋಲಿಸಿ, 1890ರಿಂದ ಆಡುತ್ತ ಬಂದ ಶಾಲೆ ಮೊದಲ ಬಾರಿಗೆ ಒಂದು ಲೀಗಿನ ಕಿರೀಟ ತೊಟ್ಟಿತು. ಅದು ನಡೆದದ್ದು ಇಲ್ಲಿಯ ಮಿಚೀ ಕ್ರೀಡಾಂಗಣದಲ್ಲೇ.

ಹಾಗಾದರೆ ಪ್ರಶ್ನೆ ಮುಗಿಯಿತೆ? ಇಲ್ಲ. ಅದೇ ವರ್ಷ ನಾಟರ್ ಡೇಮ್ ಎದುರು 49-14, ನೇವಿ ಎದುರು 31-13. ಮೊದಲೇ ಹಿಂದೆ ಬಿದ್ದರೆ ಮೂರು ಮೂರು ಗಜದ ಓಟ ಗಡಿಯಾರವನ್ನು ತಮ್ಮ ವಿರುದ್ಧವೇ ಓಡಿಸುತ್ತದೆ. 2025ರಲ್ಲಿ ಕಾನ್ಸಸ್ ಸ್ಟೇಟನ್ನು ಅದರ ಮನೆಯಂಗಳದಲ್ಲೇ ಸೋಲಿಸಿದ ತಂಡ, ನೇವಿಗೆ ಒಂದೇ ಅಂಕದಿಂದ, 17-16ರಿಂದ ಸೋತಿತು. ಒಂದು ಎಸೆತ ಕೈಗೂಡಿದ್ದರೆ ಎಂದು ಲೆಕ್ಕ ಹಾಕುವವರಿಗೆ ಇದಕ್ಕಿಂತ ಹೆಚ್ಚೇನು ಬೇಕು? ಪಾಸ್ ಎಸೆದರೆ ಮೂರು ಫಲ, ಅದರಲ್ಲಿ ಎರಡು ಕೆಟ್ಟವು ಎಂಬುದು ಹಳೆಯ ಕೋಚ್‌ಗಳ ಮಾತು. ಮಂಕೆನ್ ಪೂರ್ತಿ ಎಸೆತಕ್ಕೆ ತಿರುಗಲಾರರು, ತಿರುಗಬಾರದು ಕೂಡ. ಬರುವ ಹುಡುಗರು ಬದಲಾಗದೆ ಆಟ ಬದಲಾಗದು. ಆದರೆ ಪಂದ್ಯಕ್ಕೆ ಐದಾರು ಹೆಚ್ಚು ಎಸೆತ, ಅದೂ ಎದುರಾಳಿಗಳೆಲ್ಲ ಓಟವೆಂದು ಮುಂದೆ ಬಂದು ನಿಂತಾಗ, ಬೇಕೇ ಬೇಕು.

ಮಿಚೀ ಕ್ರೀಡಾಂಗಣ 1924ರದು, ಲಸ್ಕ್ ಜಲಾಶಯದ ಪಕ್ಕದಲ್ಲೇ ಇದೆ. ಶಾಲೆಯಲ್ಲಿ ಮೊದಲ ತಂಡ ಕಟ್ಟಿ, 1898ರಲ್ಲಿ ಕ್ಯೂಬಾದ ಯುದ್ಧದಲ್ಲಿ ಮಡಿದ ಡೆನಿಸ್ ಮಿಚೀಯ ಹೆಸರು ಅದಕ್ಕೆ. ಪಂದ್ಯದ ದಿನ ಬೆಳಿಗ್ಗೆ ಕೆಳಗಿನ ಬಯಲಿನಲ್ಲಿ ಕೆಡೆಟ್‌ಗಳ ಕವಾಯತು. ದೂರದ ಊರುಗಳಿಂದ ಬಂದ ತಾಯಂದಿರು ಒಂದೇ ಸಮವಸ್ತ್ರದ ಸಾಲಿನಲ್ಲಿ ತಮ್ಮ ಮಗ ಯಾರೆಂದು ಹುಡುಕುತ್ತಿರುತ್ತಾರೆ. ಆಮೇಲೆ ಎಲ್ಲರೂ ಗುಡ್ಡ ಹತ್ತುತ್ತಾರೆ. ಪ್ಯಾರಾಚೂಟಿನಲ್ಲಿ ಸೈನಿಕನೊಬ್ಬ ಪಂದ್ಯದ ಚೆಂಡಿನೊಂದಿಗೆ ಇಳಿಯುತ್ತಾನೆ. ಮೂರನೆಯ ಅವಕಾಶ, ಇನ್ನೂ ಎಂಟು ಗಜ ಬೇಕು ಎಂಬ ಹೊತ್ತಿಗೆ ಮುದುಕರೂ ಎದ್ದು ನಿಲ್ಲುತ್ತಾರೆ. ಅಂಚಿನಲ್ಲಿ ಒಬ್ಬ ಹುಡುಗ, ಕಾರ್ಪೆಂಟರ್ ನಿಂತಂತೆಯೇ, ಒಂಟಿಯಾಗಿ ನಿಂತಿದ್ದಾನೆ. ಕ್ವಾರ್ಟರ್‌ಬ್ಯಾಕ್ ಅತ್ತ ಒಮ್ಮೆ ನೋಡುತ್ತಾನೆ, ಇತ್ತ ಒಮ್ಮೆ.