ಬೆಟ್ಟದ ಬುಡದಲ್ಲೊಂದು ಒಲೆ

ಬೆಂಗಳೂರಿನಿಂದ ದಾಬಸಪೇಟೆ, ಕೊರಟಗೆರೆಗಳ ಮಾರ್ಗವಾಗಿ ಮಧುಗಿರಿಗೆ ಹೋಗುವವರಿಗೆ ದಾರಿಯುದ್ದಕ್ಕೂ ಬಂಡೆಗಳೇ ಜೊತೆ. ಒಂದು ಬಂಡೆ ಮಲಗಿದ ಆನೆಯಂತೆ, ಇನ್ನೊಂದು ಕವುಚಿಟ್ಟ ಕೊಪ್ಪರಿಗೆಯಂತೆ. ಸುಮಾರು ನೂರು ಕಿಲೋಮೀಟರಿನ ಈ ಹಾದಿಯ ಕೊನೆಯಲ್ಲಿ ಮಧುಗಿರಿಯ ಏಕಶಿಲೆ ಎದುರು ನಿಂತಾಗ, ಅದುವರೆಗೆ ಕಂಡ ಬೆಟ್ಟಗಳೆಲ್ಲ ಅದರ ಮಕ್ಕಳು ಮರಿಗಳೆಂದು ತೋರುತ್ತದೆ. ಕೊರಟಗೆರೆಯ ಸಿದ್ದರಬೆಟ್ಟ, ಚನ್ನರಾಯನದುರ್ಗ, ಮಧುಗಿರಿಯ ಕೋಟೆ, ಮಿಡಿಗೇಶಿ, ಪಾವಗಡದ ದುರ್ಗ, ನಿಡಗಲ್ಲು: ಹತ್ತುವ ಹವ್ಯಾಸವುಳ್ಳವರಿಗೆ ಒಂದು ವರ್ಷದ ಭಾನುವಾರಗಳಿಗೆ ಸಾಲುವಷ್ಟು ಬೆಟ್ಟಗಳು ಈ ಸೀಮೆಯಲ್ಲಿವೆ.

ಹತ್ತುವವರ ಹೆಗಲ ಚೀಲದಲ್ಲಿ ಇತ್ತೀಚೆಗೆ ಒಂದು ಹೊಸ ಸಾಮಾನು ಸೇರಿಕೊಂಡಿದೆ. ಅದು ಅಂಗೈಯಲ್ಲಿ ಅಡಗುವಂಥ ಪುಟ್ಟ ಒಲೆ. ಅದರ ಜೊತೆಗೆ ಒಂದು ಅನಿಲದ ಡಬ್ಬಿ. ತುದಿಯಲ್ಲಿ ಕುಳಿತು, ಕಣ್ಣೆದುರಿಗೆ ನಾಲ್ಕು ತಾಲ್ಲೂಕುಗಳನ್ನು ಹರವಿಕೊಂಡು, ಬಿಸಿ ಕಾಫಿ ಕುಡಿಯುವ ಆಸೆ ಯಾರಿಗಿಲ್ಲ? ನನಗೂ ಇತ್ತು. ಆ ಆಸೆಯ ಬೆಲೆಯನ್ನು ನಾನು ಕೊರಟಗೆರೆಯ ಬಳಿಯ ಒಂದು ಗುಡ್ಡದಲ್ಲಿ ಕಲಿತೆ.

ಶಿವರಾತ್ರಿ ಕಳೆದ ಮರುವಾರ. ನಾವು ಮೂವರು ಗೆಳೆಯರು ಗುಡ್ಡದ ಅರ್ಧ ಏರಿ, ಒಂದು ಬಂಡೆಯ ಮೇಲೆ ಹೊಸ ಒಲೆಯನ್ನು ಹೂಡಿದೆವು. ಬಂಡೆ ಸ್ವಲ್ಪ ಇಳಿಜಾರು. ಅದನ್ನು ನಾವು ಲೆಕ್ಕಿಸಲಿಲ್ಲ. ಗಾಳಿ ಬಲವಾಗಿತ್ತು, ಸುತ್ತ ನಾಲ್ಕು ಚಪ್ಪಡಿ ಕಲ್ಲು ನಿಲ್ಲಿಸಿ, ನಮ್ಮ ಬುದ್ಧಿಗೆ ನಾವೇ ಮೆಚ್ಚಿಕೊಂಡೆವು. ನೀರು ಮರಳುವ ಹೊತ್ತಿಗೆ ಪಾತ್ರೆ ವಾಲಿತು. ಪಾತ್ರೆಯೊಡನೆ ಒಲೆಯೂ ಉರುಳಿತು. ಡಬ್ಬಿ ನೆಟ್ಟಗಿದ್ದಾಗ ಒಲೆಗೆ ಬರುವುದು ಆವಿ. ಮಲಗಿದರೆ ಬರುವುದು ದ್ರವ. ಬೆರಳುದ್ದ ಇದ್ದ ನೀಲಿ ಜ್ವಾಲೆ ಒಮ್ಮೆಗೇ ಮೊಳದುದ್ದದ ಹಳದಿ ನಾಲಗೆಯಾಗಿ, ಬಂಡೆಯಂಚಿನ ಒಣಹುಲ್ಲನ್ನು ನೆಕ್ಕಿತು. ಒಬ್ಬ ಗೆಳೆಯ ಹೇಗೋ ತಿರುಪನ್ನು ಮುಚ್ಚಿದ. ಅಷ್ಟರಲ್ಲಿ ಬೆಂಕಿ ನಮ್ಮನ್ನು ಬಿಟ್ಟು ಮೇಲಕ್ಕೆ ಹೊರಟಿತ್ತು.

ಕೆಳಗಿನಿಂದ ಕುರಿ ಕಾಯುವ ಒಬ್ಬ ಮುದುಕ ಓಡಿಬಂದ. ಮಾತಿಲ್ಲ, ಬೈಗುಳವಿಲ್ಲ, ಹೆಗಲ ಕಂಬಳಿಯನ್ನು ತೆಗೆದು, ಬೆಂಕಿ ಹೋಗುತ್ತಿದ್ದ ಅಂಚನ್ನೇ ಹಿಡಿದು ಬಡಿಯತೊಡಗಿದ. ನಾವು ಹಸಿಸೊಪ್ಪಿನ ಕೊಂಬೆಗಳನ್ನು ಮುರಿದು ಅವನ ಜೊತೆ ಸೇರಿದೆವು. ಹತ್ತು ನಿಮಿಷದಲ್ಲಿ ಬೆಂಕಿ ಆರಿತು. ಸುಟ್ಟದ್ದು ನಾಲ್ಕು ಚಾಪೆಯಷ್ಟು ಜಾಗ, ಮತ್ತು ಕಂಬಳಿಯ ಒಂದು ಸೆರಗು. ನಾನು ನಾಚಿಕೆಯಿಂದ ಜೇಬಿಗೆ ಕೈ ಹಾಕಿ, “ಯಜಮಾನರೇ, ಕಂಬಳಿಗೆ ಇದಿಷ್ಟು ಇಟ್ಟುಕೊಳ್ಳಿ” ಎಂದೆ. ಅವನು ದುಡ್ಡನ್ನು ನೋಡಲೂ ಇಲ್ಲ.

“ಕಂಬಳಿ ಹೋದ್ರೆ ಇನ್ನೊಂದು ನೇಯಿಸ್ಕೋಬೋದು ಸ್ವಾಮಿ. ಈ ಹುಲ್ಲು ಹೋದ್ರೆ ಮಳೆ ಬರೋಗಂಟ ಕುರಿಗೇನು ಹಾಕ್ಲಿ? ಒಲೆ ಹೂಡೋಕೆ ಮುಂಚೆ ಗಾಳಿ ಯಾವ ಕಡೆ ಐತೆ ಅಂತ ನೋಡ್ಬಾರ್ದಾ?”

ಒಲೆಯನ್ನು ಕುರಿತು ನಾನು ಆಮೇಲೆ ಓದಿದ್ದೆಲ್ಲ ಈ ಪ್ರಶ್ನೆಗೆ ಬರೆದ ಭಾಷ್ಯವೇ ಸರಿ. ನಮಗೆ ಅದು ಒಣಹುಲ್ಲು; ಅವನಿಗೆ ಅದು ಮುಂಗಾರಿನವರೆಗಿನ ಕಣಜ. ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ಓಡುವಾಗ ಮುಂದಿನ ಹುಲ್ಲನ್ನು ತಾನೇ ಕಾಯಿಸಿ ಸಿದ್ಧಮಾಡಿಕೊಳ್ಳುತ್ತದೆ. ಏರುವ ಮನುಷ್ಯನಿಗಿಂತ ಅದರ ಹೆಜ್ಜೆ ಚುರುಕು. 2018ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿನ ನಡುವೆ ಸಿಕ್ಕಿಬಿದ್ದ ಚಾರಣಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಂಥ ಬೆಂಕಿಗೆ ಕಾರಣ ಯಾವುದೇ ಇರಲಿ, ಓಡಿ ತಪ್ಪಿಸಿಕೊಳ್ಳುತ್ತೇನೆಂಬ ಧೈರ್ಯ ಯಾರಿಗೂ ಬೇಡ.

ಮಧುಗಿರಿಯಲ್ಲಿ ಹುಲ್ಲಿಲ್ಲದ ಬರಿ ಬಂಡೆಯೇ ಹೆಚ್ಚಲ್ಲವೆ, ಅಲ್ಲಿ ಹೂಡಬಹುದಷ್ಟೆ? ಎಂದು ವಾಚಕರು ಕೇಳಬಹುದು. 3930 ಅಡಿ ಎತ್ತರದ ಆ ಬೆಟ್ಟವನ್ನು ಏಷ್ಯಾದ ಏಕಶಿಲಾ ಬೆಟ್ಟಗಳಲ್ಲಿ ಎರಡನೆಯದೆಂದು ಹೇಳುವುದುಂಟು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಏರಿ, ಬಾಗಿಲಿನ ಮೇಲೆ ಬಾಗಿಲು ದಾಟಿ ಮೇಲೆ ಹೋದವನಿಗೆ ಅಲ್ಲಿ ಎದುರಾಗುವವು ಮೂರು. ಮೊದಲನೆಯದು ಬಿಸಿಲು. ಬೇಸಗೆಯ ನಡುಹಗಲು ಬರಿಗಾಲಿಡಲಾಗದಷ್ಟು ಕಾದ ಕಲ್ಲಿನ ಮೇಲೆ ಅನಿಲದ ಡಬ್ಬಿಯನ್ನು ಇಡುವುದು ಅಪಾಯ. 50 ಡಿಗ್ರಿಗಿಂತ ಹೆಚ್ಚಿನ ಶಾಖಕ್ಕೆ ಒಡ್ಡಬೇಡಿರೆಂದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಎರಡನೆಯದು ತಡೆಯಿಲ್ಲದ ಗಾಳಿ. ಮೂರನೆಯದು ಕಾನೂನು. ರಕ್ಷಿತ ಸ್ಮಾರಕಗಳ ಒಳಗೆ, ಅನುಮತಿಯಿರುವ ಸ್ಥಳ ಬಿಟ್ಟು ಬೇರೆಡೆ, ಅಡಿಗೆ ಮಾಡುವಂತಿಲ್ಲವೆಂದು 1959ರ ನಿಯಮಗಳು ಹೇಳುತ್ತವೆ; ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಕೋಟೆಯ ಗೋಡೆಯ ಮೇಲೆ ಒಮ್ಮೆ ಹಿಡಿದ ಮಸಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗದು. ಆದುದರಿಂದ ಒಲೆಯ ಮೊದಲ ಪಾಠ, ಎಲ್ಲಿ ಹಚ್ಚಬಾರದೆಂಬುದನ್ನು ತಿಳಿಯುವುದು. ಬೆಟ್ಟದ ಮೇಲಕ್ಕೆ ಬುತ್ತಿ, ಒಲೆಯೇನಿದ್ದರೂ ಬುಡದಲ್ಲಿ. ಹುರಿಹಿಟ್ಟು, ಅವಲಕ್ಕಿ, ಬುತ್ತಿಯನ್ನಗಳನ್ನು ಕಂಡುಹಿಡಿದ ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಅಷ್ಟಕ್ಕೂ ಆ ತುದಿಯಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಕೆಳಗೆ ಕಾಸಿ ಫ್ಲಾಸ್ಕಿನಲ್ಲಿ ಒಯ್ದ ಕಾಫಿಗೆ ನಷ್ಟವೇನಿಲ್ಲ.

ಇನ್ನು ಬುಡದಲ್ಲಿ ಹೂಡುವುದಾದರೆ ಯಾವ ಒಲೆ? 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ನಿರ್ಮಿಸಿದ ಪ್ರೈಮಸ್ ಪಂಪ್ ಸ್ಟೌ ಧ್ರುವಪ್ರದೇಶಗಳನ್ನು ಕಂಡು, 1953ರ ಎವರೆಸ್ಟ್ ಯಾತ್ರೆಯಲ್ಲಿಯೂ ಹಿಮ ಕರಗಿಸಿತು. ಅದರ ಬಂಧುಗಳೇ ನಮ್ಮ ಅಜ್ಜಿಯರ ಅಡಿಗೆಮನೆಯಲ್ಲಿ ಬುಸುಗುಟ್ಟುತ್ತಿದ್ದವು. ಗಾಳಿಗೂ ಚಳಿಗೂ ಅದು ಗಟ್ಟಿ. ಆದರೆ ಸ್ಪಿರಿಟ್ ಉರಿಸಿ ತಲೆಯನ್ನು ಚೆನ್ನಾಗಿ ಕಾಯಿಸದೆ ಪಂಪು ಮಾಡಿದರೆ ಹಸಿ ಸೀಮೆಎಣ್ಣೆಯೇ ಚಿಮ್ಮಿ ಉರಿಯುತ್ತದೆ. ಬಿಸಿಯಿರುವಾಗ ಎಣ್ಣೆ ತುಂಬುವುದು ಮೃತ್ಯುವನ್ನು ಕರೆದಂತೆ. ಸೀಮೆಎಣ್ಣೆಯೂ ಈಗ ಮೊದಲಿನಂತೆ ಸಿಗುವುದಿಲ್ಲ. ಸ್ಪಿರಿಟ್ ಒಲೆ ಹಗುರ, ಸದ್ದಿಲ್ಲ. ಆದರೆ ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಆರಿತೆಂದು ತಿಳಿದು ಸೀಸೆಯಿಂದ ಮತ್ತೆ ಸುರಿದವರ ಕೈಯಲ್ಲಿ ಸೀಸೆಯೇ ಹೊತ್ತಿಕೊಂಡದ್ದುಂಟು.

ನಮ್ಮ ಸೀಮೆಯ ಹವೆಗೆ, ಮಕ್ಕಳೊಡನೆ ಹೋಗುವ ಸಂಸಾರವಂದಿಗರಿಗೆ, ಬ್ಯೂಟೇನ್ ಡಬ್ಬಿ ಒಳಗೆ ಕೂರುವ ಪೆಟ್ಟಿಗೆಯಾಕಾರದ ಒಲೆ ಸೂಕ್ತ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಲು ಒಲ್ಲೆನ್ನುವುದರಿಂದ ಹಿಮಾಲಯಕ್ಕೆ ಒದಗದು. ಶಿರಾ ಪಾವಗಡಗಳಲ್ಲಿ ಆ ಚಿಂತೆಯಿಲ್ಲ. ತಳ ಅಗಲವಾದ್ದರಿಂದ ಒಲೆ ಉರುಳದು. ಒತ್ತಡ ಹೆಚ್ಚಿದರೆ ಅನಿಲವನ್ನು ತಾನೇ ಕಡಿದುಹಾಕುವ ಏರ್ಪಾಡು ಇರುವಂಥದನ್ನೇ ಕೊಳ್ಳಬೇಕು. ಒಂದು ಲೀಟರ್ ನೀರು ಕುದಿಯಲು ಗಾಳಿಯಿಲ್ಲದಾಗ ಹದಿನೈದು ಗ್ರಾಮಿನಷ್ಟು ಅನಿಲ ಸಾಕು. ಸುಮಾರು 220 ಗ್ರಾಮಿನ ಒಂದು ಡಬ್ಬಿ ನಾಲ್ವರ ಒಂದು ದಿನದ ಅಡಿಗೆಗೆ ಧಾರಾಳ. ಖಾಲಿ ಡಬ್ಬಿಗೆ ಮನೆಯ ಸಿಲಿಂಡರಿನಿಂದ ಅನಿಲ ತುಂಬಿಕೊಡುವವರೂ ಇದ್ದಾರೆ. ಅವರ ಬಳಿಗೆ ಹೋಗಬೇಡಿ. ಮನೆಯ ಅನಿಲದ ಒತ್ತಡ ಹೆಚ್ಚು. ಆ ತೆಳು ತಗಡು ಅದಕ್ಕಾಗಿ ಮಾಡಿದ್ದಲ್ಲ.

ಬಳಸುವಾಗ ನೆನಪಿಡಬೇಕಾದುದು ಬಹಳವೇನಿಲ್ಲ. ಡಬ್ಬಿಯನ್ನು ಬಯಲಿನಲ್ಲಿ, ಬೀಡಿ, ಊದುಬತ್ತಿಗಳಿಂದಲೂ ದೂರದಲ್ಲಿ ಜೋಡಿಸಿ, ಸಂದಿಗೆ ಸಾಬೂನಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಹಚ್ಚಬೇಡಿ. ಡಬ್ಬಿಯ ಕೋಣೆಯ ಮೇಲೂ ಚಾಚುವಷ್ಟು ಅಗಲದ ತವಾ, ಕೊಪ್ಪರಿಗೆಗಳನ್ನು ಇಡಬೇಡಿ. ನಾವು ಕಲ್ಲು ನಿಲ್ಲಿಸಿದಂತೆ ಒಲೆಯನ್ನು ಸುತ್ತಲೂ ಬಂಧಿಸಿದರೆ ಡಬ್ಬಿಯೇ ಬೇಯುತ್ತದೆ. ಗಾಳಿಯ ಕಡೆಗೆ ಮಾತ್ರ, ಮಾರು ದೂರದಲ್ಲಿ ಮರೆ ಸಾಕು. ಗುಡಾರದ ಒಳಗೆ, ಕಾರಿನ ಒಳಗೆ ಹಚ್ಚಲೇಬೇಡಿ. ಅಲ್ಲಿ ತುಂಬುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲಿಯೇ ಕೊಲ್ಲುತ್ತದೆ. ರೈಲಿನಲ್ಲಂತೂ ಇವನ್ನು ಒಯ್ಯುವುದೇ ನಿಷಿದ್ಧ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಂದರಲ್ಲಿ ಕದ್ದು ತಂದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಸೀರೆಯ ಸೆರಗು, ದುಪಟ್ಟಾಗಳನ್ನು ಸೊಂಟಕ್ಕೆ ಬಿಗಿದುಕೊಳ್ಳಿ. ಚರ್ಮ ಸುಟ್ಟರೆ ಶಾಯಿ, ಬೆಣ್ಣೆ, ಹಲ್ಲಿನ ಪೇಸ್ಟು ಯಾವುದೂ ಬೇಡ. ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ವೈದ್ಯರನ್ನು ಕಾಣಿರಿ.

ಈಗ ನಮ್ಮ ತಂಡಕ್ಕೆ ಮೆಚ್ಚಿನ ಅಡಿಗೆಮನೆ ಶಿರಾ ತಾಲ್ಲೂಕಿನ ಬತ್ತಿದ ಕೆರೆಯಂಗಳಗಳು. ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರನ್ನು ಬೆಳಿಗ್ಗೆ ಸುತ್ತಿ, 1696ರ ಜುಮ್ಮಾ ಮಸೀದಿಯನ್ನೂ ಮಲಿಕ್ ರಿಹಾನನ ಗೋರಿಯನ್ನೂ ನೋಡಿ, ಊರವರನ್ನು ಕೇಳಿ, ಹುಲ್ಲಿಲ್ಲದ ಬಿರುಕು ನೆಲದಲ್ಲಿ ಒಲೆ ಹೂಡುತ್ತೇವೆ. ಪಕ್ಕದಲ್ಲಿ ಒಂದು ಬಿಂದಿಗೆ ನೀರು. ಕಗ್ಗಲಡುವಿಗೆ ಹೋದಾಗ ಮಾತ್ರ ಒಲೆ ಚೀಲದಿಂದ ಹೊರಬರುವುದಿಲ್ಲ. ಅಲ್ಲಿ ಮನೆಗಳ ನಡುವಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರೇ ಅವುಗಳಿಗಾಗಿ ಸದ್ದು ಗದ್ದಲ ಬಿಟ್ಟಿರುವಾಗ, ಮರದಡಿಯಲ್ಲಿ ನಮ್ಮ ಹೊಗೆ ಏಕೆ?

ಪಾವಗಡಕ್ಕೆ ಹೋದರೆ ಬೆಂಕಿಯೇ ಬೇಡ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಬಿಸಿಲನ್ನೇ ಬೆಳೆಯಾಗಿ ಕೊಯ್ದು 2050 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ತನ್ನು ಮಾಡುವ ನಾಡು ಅದು. ಕಳೆದ ಸಲ ನಾವು ಅಲ್ಲಿಗೆ ಒಯ್ದದ್ದು ಗಾಜಿನ ಮುಚ್ಚಳದ, ಒಳಗೆ ಕಪ್ಪು ಬಳಿದ, ಕನ್ನಡಿಯೊಂದನ್ನು ತೆರೆದಿಟ್ಟ ಸೌರ ಒಲೆ. ಅಕ್ಕಿ ಬೇಳೆ ನೀರು ಬೆರೆಸಿ ಬುಡದಲ್ಲಿ ಬಿಸಿಲಿಗಿಟ್ಟು, ದುರ್ಗ ಹತ್ತಿ ಇಳಿದು ಬರುವಷ್ಟರಲ್ಲಿ, ಸುಮಾರು ಮೂರು ಗಂಟೆಗೆ, ಅನ್ನ ಬೆಂದಿತ್ತು. ಉಪ್ಪು ಹಾಕಲು ಮರೆತಿದ್ದೆವು. ಅದು ಸೂರ್ಯನ ತಪ್ಪಲ್ಲ.

ಹಿಂದಿರುಗುವಾಗ ಕೊರಟಗೆರೆಯ ಆ ಗುಡ್ಡದ ಬುಡದಲ್ಲಿ ಕಾರನ್ನು ನಿಲ್ಲಿಸಿದೆವು. ಮಳೆಯಾಗಿತ್ತು, ನಾವು ಸುಟ್ಟ ಜಾಗ ಯಾವುದೆಂದು ಗುರುತಿಸಲಾಗಲಿಲ್ಲ. ಮುದುಕನ ಕುರಿಗಳು ಅಲ್ಲೆಲ್ಲೋ ಮೇಯುತ್ತಿದ್ದವು. ರಸ್ತೆಯ ಬದಿಯ ಬರಿನೆಲದಲ್ಲಿ ಒಲೆಯನ್ನಿಟ್ಟು, ಕಡ್ಡಿ ಗೀರುವ ಮುನ್ನ ನಾನು ಒಂದು ಹಿಡಿ ಮಣ್ಣನ್ನು ಎತ್ತಿ ಗಾಳಿಗೆ ಬಿಟ್ಟು ನೋಡಿದೆ. ಮುದುಕ ಬಂದು ಕಾಫಿಯ ಲೋಟ ಹಿಡಿದು ಕುಳಿತ. ಅವನ ಹೆಗಲ ಮೇಲೆ ಅದೇ ಕಂಬಳಿ ಇತ್ತು. ಸುಟ್ಟ ಸೆರಗನ್ನು ಮಡಿಚಿ ಹೊಲಿದಿದ್ದ.